ಮೂರು ಸಲ ಕೇಳಿದ ಶಬ್ದ

ಕಳೆದ ಜನವರಿಯಲ್ಲಿ ಅಕ್ಕನ ಮಗಳ ಬಾಣಂತನಕ್ಕೆಂದು ಮತ್ತೆ ಕುವೈತಿಗೆ ಹೋಗಿದ್ದೆ. ಅವಳ ಮನೆ ಫಿಂಟಾಸ್‌ನಲ್ಲಿ. ಒಂದು ಸಂಜೆ ಬಟ್ಟೆ ಇಸ್ತ್ರಿಗೆ ಕೊಡಲು ಕಟ್ಟಡದ ಕೆಳಗಿದ್ದ ಲಾಂಡ್ರಿಗೆ ಇಳಿದು ಗಾಜಿನ ಬಾಗಿಲು ತಳ್ಳಿದೆ. ಒದ್ದೆ ಹತ್ತಿಯ ಮೇಲೆ ಬಿಸಿ ಇಸ್ತ್ರಿ ಕೂತಾಗ ಏಳುವ ಆವಿ, ಗಂಜಿ, ಎಲ್ಲೋ ಸ್ವಲ್ಪ ಸೀದ ದಾರ, ಈ ಮೂರೂ ಸೇರಿದ ವಾಸನೆ ಮುಖಕ್ಕೆ ಬಡಿಯಿತು. ಬಟ್ಟೆಯ ಗಂಟು ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟೆ. ಕೌಂಟರಿನ ಹಿಂದಿದ್ದವನು “ಕ್ಯಾ ಹುವಾ ಆಂಟಿ?” ಎಂದು ಕೇಳಿದ. ಏನೂ ಇಲ್ಲ ಎಂದೆ. ಆದರೆ ಆ ವಾಸನೆ ಸುಂದರಣ್ಣನ ಅಂಗಿಯ ವಾಸನೆಯಾಗಿತ್ತು. ಅವರನ್ನೂ ಅವರ ಮಗಳು ನಿಶ್ಮಿತಾಳನ್ನೂ ನಾನು ಬಲ್ಲದ್ದು ಹೆಚ್ಚೆಂದರೆ ಒಂದು ವರ್ಷ. ಇಪ್ಪತ್ತೆರಡು ವರ್ಷದ ನನ್ನ ಕುವೈತಿನ ಬದುಕಿನಲ್ಲಿ ಆ ಒಂದು ವರ್ಷ ಮಾತ್ರ ಉಳಿದವುಗಳ ಜೊತೆ ಕಲೆಯದೆ ಬೇರೆಯೇ ನಿಂತಿದೆ.

ಆಗ ಪಕ್ಕದ ಇರಾಕಿನಲ್ಲಿ ಸರ್ಕಾರ ಉರುಳಿ ಎರಡು ವರ್ಷವಾಗಿತ್ತು. ನಾನೂ ನನ್ನ ಗಂಡ ವಿನ್ಸೆಂಟೂ ರಿಗ್ಗೈಯ ಎರಡು ಕೋಣೆಯ ಫ್ಲ್ಯಾಟಿನಲ್ಲಿದ್ದೆವು. ಅವರು ಕ್ಲಿನಿಕ್ಕೊಂದರ ಔಷಧ ದಾಸ್ತಾನು ನೋಡಿಕೊಳ್ಳುತ್ತಿದ್ದರು. ನಾನು ಭಾರತೀಯರ ಶಾಲೆಯೊಂದರಲ್ಲಿ ಇಂಗ್ಲಿಷ್ ಟೀಚರು. ಇಂಗ್ಲಿಷ್ ಟೀಚರು ಎಂದರೂ ನಾನು ಆ ಭಾಷೆಯನ್ನು ಕಿವಿಯಿಂದ ಕಲಿತವಳಲ್ಲ, ಕಣ್ಣಿನಿಂದ ಕಲಿತವಳು. ಶಿರ್ವದ ಹತ್ತಿರದ ನಮ್ಮ ಮನೆಯಲ್ಲಿ ಕೊಂಕಣಿ, ಅಂಗಳ ದಾಟಿದರೆ ತುಳು, ಶಾಲೆಯಲ್ಲಿ ಕನ್ನಡ. ಇಂಗ್ಲಿಷ್ ಇದ್ದದ್ದು ಪುಸ್ತಕದೊಳಗೆ. ಎಷ್ಟೋ ಶಬ್ದಗಳ ಅರ್ಥ, ಅಕ್ಷರ ಎಲ್ಲ ಗೊತ್ತಿದ್ದೂ ಅವುಗಳನ್ನು ಬಾಯಿಬಿಟ್ಟು ಹೇಳುವವರನ್ನು ನಾನು ಇಪ್ಪತ್ತೈದು ದಾಟುವವರೆಗೆ ಕಂಡಿರಲಿಲ್ಲ. ಈ ಅಳುಕು ನನ್ನಲ್ಲಿ ಸದಾ ಇತ್ತು. ಪಾಠಕ್ಕೆ ಮೊದಲು ನಿಘಂಟು ನೋಡಿ, ಕಷ್ಟದ ಶಬ್ದಗಳ ಉಚ್ಚಾರವನ್ನು ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡ ಅಕ್ಷರಗಳಲ್ಲಿ ಬರೆದುಕೊಳ್ಳುತ್ತಿದ್ದೆ. ಮಕ್ಕಳಿಗೆ ಕಾಣದ ಹಾಗೆ ಪುಸ್ತಕ ಹಿಡಿಯುವುದೂ ಅಭ್ಯಾಸವಾಗಿತ್ತು.

ಆ ವರ್ಷ ಶಾಲೆಯಲ್ಲಿ ಸ್ಪೆಲ್ಲಿಂಗ್ ಬೀ ಶುರುವಾಯಿತು. ಐದರಿಂದ ಏಳನೆಯ ತರಗತಿಯ ಮಕ್ಕಳಿಗೆ. ವೇದಿಕೆಯ ಮೇಲೆ ಒಬ್ಬರು ಶಬ್ದ ಹೇಳುತ್ತಾರೆ, ಮಗು ಅದರ ಅಕ್ಷರಗಳನ್ನು ಒಂದೊಂದಾಗಿ ಒಪ್ಪಿಸಬೇಕು. ಬೇಕಿದ್ದರೆ ಅರ್ಥ ಕೇಳಬಹುದು, ಶಬ್ದ ಯಾವ ಭಾಷೆಯಿಂದ ಬಂತೆಂದು ಕೇಳಬಹುದು, ಇನ್ನೊಮ್ಮೆ ಹೇಳಿ ಎನ್ನಬಹುದು. ತಪ್ಪಿದರೆ ಗಂಟೆ ಹೊಡೆಯುತ್ತದೆ, ಮಗು ಇಳಿದುಹೋಗಬೇಕು. ಶಾಲೆಯಲ್ಲಿ ಗೆದ್ದ ಒಬ್ಬರನ್ನು ಮಸ್ಕತ್‌ನಲ್ಲಿ ನಡೆಯುವ ಕೊನೆಯ ಸ್ಪರ್ಧೆಗೆ, ಜೊತೆಗೆ ತಂದೆ ಅಥವಾ ತಾಯಿಯನ್ನೂ, ಕಳಿಸುವುದಾಗಿ ಹೇಳಿದ್ದರು. ಮಕ್ಕಳನ್ನು ತಯಾರು ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ಅಕ್ಟೋಬರಿನಲ್ಲಿ ಹೆಸರು ಕೊಟ್ಟ ನಲವತ್ತು ಮಕ್ಕಳಲ್ಲಿ ಡಿಸೆಂಬರಿಗೆ ಉಳಿದದ್ದು ಒಂಬತ್ತು. ಅವರಲ್ಲಿ ಆರನೆಯ ತರಗತಿಯ ನಿಶ್ಮಿತಾ ಒಬ್ಬಳು. ಸಣ್ಣ ಆಳು, ಎರಡು ಜಡೆ, ಇಡೀ ಶಾಲೆಯಲ್ಲಿ ಯಾರದೂ ಇಲ್ಲದಷ್ಟು ಗರಿಗರಿಯಾದ ಸಮವಸ್ತ್ರ. ಉಳಿದ ಮಕ್ಕಳು ಪಟ್ಟಿಯನ್ನು ಗಟ್ಟಿಯಾಗಿ ಓದಿ ಬಾಯಿಪಾಠ ಮಾಡುತ್ತಿದ್ದರೆ ಇವಳು ಪ್ರತಿ ಶಬ್ದಕ್ಕೂ “ಮಿಸ್, ವೇರ್ ಈಸ್ ಇಟ್ ಫ್ರಮ್?” ಎಂದು ಕೇಳುತ್ತಿದ್ದಳು. ಹೊಸಬರು ಸಿಕ್ಕಿದ ಕೂಡಲೇ ನಮ್ಮವರು “ನಿಮ್ಮದು ಊರು ಎಲ್ಲಾಯ್ತು?” ಎಂದು ಕೇಳುತ್ತಾರಲ್ಲ, ಅದೇ ಧಾಟಿ. ಊರು ಗೊತ್ತಾದ ಮೇಲೆ ಆ ಶಬ್ದವನ್ನು ಅವಳು ಮರೆಯುತ್ತಿರಲಿಲ್ಲ.

ಒಂದು ದಿನ ಅವಳು ತನ್ನ ನೋಟ್‌ಬುಕ್ ತೋರಿಸಿದಳು. ಪುಟಪುಟಕ್ಕೂ ಅಂಗಿಗಳ ಕಾಲರಿನ ಹಿಂದೆ ಹೊಲಿದಿರುತ್ತಾರಲ್ಲ, ಆ ಲೇಬಲ್ಲುಗಳನ್ನು ಅಂಟಿಸಿದ್ದಳು. ಕಾಟನ್, ಮಸ್ಲಿನ್, ಡಮಾಸ್ಕ್, ಟಫೆಟಾ. ಪ್ರತಿಯೊಂದರ ಕೆಳಗೆ ಮುದ್ದಾದ ಇಂಗ್ಲಿಷ್ ಅಕ್ಷರಗಳಲ್ಲಿ ಅದರ ಊರು. ಮಸ್ಲಿನ್ ಇರಾಕಿನ ಮೋಸುಲ್‌ನದು. ಡಮಾಸ್ಕ್ ದಮಾಸ್ಕಸ್‌ನದು. ಕ್ಯಾಲಿಕೋ ನಮ್ಮ ಕಲ್ಲಿಕೋಟೆಯದು. ಸಿಯರ್‌ಸಕರ್ ಎಂಬ ಸುಕ್ಕುಸುಕ್ಕಿನ ಬಟ್ಟೆಯ ಹೆಸರು ಪರ್ಷಿಯನ್ ಭಾಷೆಯ ‘ಶೀರ್-ಓ-ಶಕರ್’, ಅಂದರೆ ಹಾಲು ಸಕ್ಕರೆ.

“ಇದೆಲ್ಲ ಎಲ್ಲಿ ಸಿಕ್ಕಿತು?” ಎಂದೆ.

“ಪಪ್ಪಾ,” ಎಂದಳು.

ಅವಳ ಅಪ್ಪ ಸುಂದರಣ್ಣ ಮೂಡಬಿದಿರೆಯ ಕಡೆಯವರು. ಫಿಂಟಾಸ್‌ನ ಹೋಟೆಲೊಂದರ ಲಾಂಡ್ರಿಯಲ್ಲಿ ಸೂಪರ್‌ವೈಸರ್. ಊರಿನ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿ, ಮುಂಬಯಿಯಲ್ಲಿ ಕೆಲವು ವರ್ಷ ದುಡಿದು ಇಲ್ಲಿಗೆ ಬಂದವರು. ಮಗಳನ್ನು ಕರೆದುಕೊಂಡು ಹೋಗಲು ಒಮ್ಮೆ ನಾವು ಅಭ್ಯಾಸ ಮಾಡುತ್ತಿದ್ದ ಶಾಲೆಯ ಗ್ರಂಥಾಲಯಕ್ಕೇ ಬಂದರು. ಆ ಆವಿಯ ವಾಸನೆ ಮೊದಲು ಬಂತು, ಆಮೇಲೆ ಅವರು. ನಮ್ಮಿಬ್ಬರ ನಡುವೆ ತುಳುವೇ ಸಲೀಸಿತ್ತು. ಆದರೂ ಟೀಚರ್ ಎಂಬ ಮರ್ಯಾದೆಗೆ ಅವರು ಕೊನೆಯವರೆಗೂ ನನ್ನೊಡನೆ ಕನ್ನಡದಲ್ಲೇ ಮಾತಾಡಿದರು.

“ನನಗೆ ಇಂಗ್ಲಿಷ್ ಓದಲಿಕ್ಕೆ ಅಷ್ಟು ಬರುವುದಿಲ್ಲ ಟೀಚರ್. ಬಟ್ಟೆ ಮಾತ್ರ ಕೈಗೆ ಸಿಕ್ಕಿದ ಕೂಡಲೇ ಗೊತ್ತಾಗ್ತದೆ. ಗಿರಾಕಿಗಳು ಬಿಟ್ಟುಹೋದ ಹಳೇ ಅಂಗಿಯ ಲೇಬಲ್ ಕತ್ತರಿಸಿ ತಂದುಕೊಡ್ತೇನೆ. ರಾತ್ರಿ ಊಟ ಆದ ಮೇಲೆ ಅವಳು ಅದರ ಕಥೆ ಓದಿ ಹೇಳ್ತಾಳೆ. ಮೊನ್ನೆ ‘ಮ್ಯಾಗಝೀನ್’ ಅಂತ ಬಂತಂತೆ. ಅರಬಿಯಲ್ಲಿ ಮಖ್ಜನ್ ಅಂದ್ರೆ ಗೋದಾಮು ಅಲ್ವಾ? ನಾವು ದಿನಾ ಹೇಳುವ ಶಬ್ದ. ಅದೇ ಅಂತೆ ಇದು!”

ಹೀಗೆ ಹೇಳುವಾಗ ಆ ಮನುಷ್ಯನ ಮುಖದಲ್ಲಿದ್ದ ಸಂತೋಷವನ್ನು ನಾನು ಆಮೇಲೆ ಬಹಳ ಸಲ ನೆನೆಸಿಕೊಂಡಿದ್ದೇನೆ.

ಜನವರಿಯಲ್ಲಿ ಸುಂದರಣ್ಣನ ಹೋಟೆಲು ಕೈ ಬದಲಾಯಿತು. ವೀಸಾದ ಹೊಣೆ ಹೊತ್ತ ಹೊಸ ಕಫೀಲ್ ಎಲ್ಲರ ವಾಸದ ಪರವಾನಗಿಯಾದ ಇಕಾಮಾಗಳನ್ನು ಬೇರೆ ಹುದ್ದೆಯ ಹೆಸರಿನಲ್ಲಿ ಬರೆಸಿದ. ಆ ಹುದ್ದೆಯವರಿಗೆ ಕುಟುಂಬವನ್ನು ಜೊತೆಗಿಟ್ಟುಕೊಳ್ಳುವ ಅವಕಾಶವಿರಲಿಲ್ಲ. ಹೆಂಡತಿ ಜಯಂತಿ ಮತ್ತು ಮಗಳು ಮೇ ತಿಂಗಳ ಕೊನೆಗೆ ಊರಿಗೆ ಹೋಗಬೇಕು, ತಾನೊಬ್ಬನೇ ಉಳಿಯಬೇಕು. ಇದನ್ನು ಹೇಳಲು ಬಂದ ದಿನ ಸುಂದರಣ್ಣ ಒಂದೇ ಮಾತು ಕೇಳಿದರು.

“ಸ್ಪರ್ಧೆ ಫೆಬ್ರವರಿಯಲ್ಲೇ ಅಲ್ವಾ ಟೀಚರ್? ಅಷ್ಟರವರೆಗೆ ಇರ್ತಾಳೆ. ಗೆದ್ದರೆ ನಾವಿಬ್ಬರೂ ಒಟ್ಟಿಗೆ ವಿಮಾನದಲ್ಲಿ ಮಸ್ಕತ್ತಿಗೆ ಹೋಗಿ ಬರಬಹುದು. ಅವಳು ಹೋಗುವ ಮೊದಲು ಅದೊಂದು ಇದ್ದರೆ...” ಎನ್ನುತ್ತಾ ಮಗಳ ಚೀಲ ಹೆಗಲಿಗೇರಿಸಿಕೊಂಡರು.

ಆ ತಿಂಗಳು ನಾನು ಅವಳನ್ನು ಬಿಗಿಯಾಗಿಯೇ ತಯಾರು ಮಾಡಿದೆ. ಅವಳಿಗೆ ಇದ್ದದ್ದು ಒಂದೇ ಕೊರತೆ. ಶಬ್ದ ಪೂರ್ತಿ ಕಿವಿಗೆ ಬೀಳುವ ಮೊದಲೇ ಗೊತ್ತಿದೆ ಎಂದು ಓಡುತ್ತಿದ್ದಳು. ಒಂದು ದಿನ ‘ಡಿಝರ್ಟ್’ ಎಂದೆ, ಊಟದ ಕೊನೆಯ ಸಿಹಿತಿಂಡಿ. ಅವಳು ಒಂದೇ ಎಸ್ ಹಾಕಿ ಮರುಭೂಮಿಯ ‘ಡೆಝರ್ಟ್’ ಒಪ್ಪಿಸಿಬಿಟ್ಟಳು. ಕಿಟಕಿಯಾಚೆ ಮರಳು ಹಾರುತ್ತಿತ್ತು. ಅವಳು ಹುಟ್ಟಿದಾಗಿನಿಂದ ಕಂಡದ್ದೇ ಅದು. ಆದರೂ ನಾನು ಗದರಿದೆ.

“ನಿಶ್ಮಿತಾ, ಗೊತ್ತಿದ್ದದ್ದನ್ನು ಹೇಳಬೇಡ. ಕೇಳಿದ್ದನ್ನು ಹೇಳು. ಅಲ್ಲಿ ಶಬ್ದ ಓದುವವರ ಕೈಯಲ್ಲಿ ಪುಸ್ತಕ ಇರ್ತದೆ. ನಿನ್ನ ತಲೆಯಲ್ಲಿ ಎಂಥದೇ ಇರಲಿ, ಅವರ ಬಾಯನ್ನು ನಂಬು. ಸಂಶಯ ಬಂದರೆ ಇನ್ನೊಮ್ಮೆ ಕೇಳು. ಮೂರು ಸಲ ಕೇಳಬಹುದು.”

“ಯೆಸ್ ಮಿಸ್,” ಎಂದಳು. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅದನ್ನು ಬರೆದುಕೊಂಡದ್ದನ್ನೂ ನೋಡಿದೆ.

ಶಾಲೆಯ ಕೊನೆಯ ಸುತ್ತಿಗೆ ಐವರು ಮಕ್ಕಳು ಉಳಿದರು. ಶಬ್ದ ಓದಬೇಕಾಗಿದ್ದ ಹಿರಿಯ ಟೀಚರು ತಾಯಿಯ ಕಾಯಿಲೆಗೆಂದು ಊರಿಗೆ ಹೋದ್ದರಿಂದ ಹೆಡ್‌ಮಿಸ್ಟ್ರೆಸ್ ಮೇಡಂ ಆ ಕೆಲಸವನ್ನು ನನಗೇ ಹಚ್ಚಿದರು. ಸ್ಪರ್ಧೆಯ ಹಿಂದಿನ ದಿನ ಮುಚ್ಚಿದ ಲಕೋಟೆಯಲ್ಲಿ ಪಟ್ಟಿ ಕೊಟ್ಟರು. ಮನೆಯಲ್ಲಿ ಊಟದ ಮೇಜಿನ ಮುಂದೆ ಕೂತು, ನಿಘಂಟು ತೆರೆದಿಟ್ಟು, ನೂರಿಪ್ಪತ್ತು ಶಬ್ದಗಳ ಬದಿಗೆ ಕನ್ನಡದಲ್ಲಿ ಉಚ್ಚಾರ ಬರೆಯುತ್ತಾ ಹೋದೆ. ಎಲ್ಲಕ್ಕೂ ಬರೆಯಲಿಲ್ಲ. ಗೊತ್ತಿದೆ ಅನಿಸಿದವುಗಳನ್ನು ಬಿಟ್ಟೆ. ಗೊತ್ತಿದೆ ಅನಿಸಿದವುಗಳಲ್ಲಿ ‘ಕ್ಯಾವಲ್ರಿ’ ಒಂದು.

ಬುಧವಾರ ಬೆಳಿಗ್ಗೆ ಸಭಾಂಗಣ ತುಂಬಿತ್ತು. ಸುಂದರಣ್ಣ ರಜೆ ಹಾಕಿ ಬಂದು ಮೂರನೆಯ ಸಾಲಿನಲ್ಲಿ ಜಯಂತಿಯ ಪಕ್ಕದಲ್ಲಿ ಕೂತಿದ್ದರು. ಒಂದೂವರೆ ಗಂಟೆಯಲ್ಲಿ ಮೂವರು ಮಕ್ಕಳು ಇಳಿದುಹೋದರು. ಏಳನೆಯ ತರಗತಿಯ ಸಾನಿಯಾ ಎಂಬ ಹುಡುಗಿ, ನಿಶ್ಮಿತಾ, ಇಬ್ಬರೇ ಉಳಿದರು. ನಿಶ್ಮಿತಾಳ ಸರದಿ ಬಂತು. ಪಟ್ಟಿ ನೋಡಿ ಶಬ್ದ ಓದಿದೆ.

ಅವಳು ಮೈಕಿನ ಮುಂದೆ ನಿಂತು ಅರ್ಥ ಕೇಳಿದಳು. ಕುದುರೆಯ ಮೇಲೆ ಕೂತು ಕಾದುವ ಸೈನಿಕರ ದಳ ಎಂದು ಇಂಗ್ಲಿಷಿನಲ್ಲಿ ಓದಿದೆ. ಎಲ್ಲಿಂದ ಬಂತೆಂದು ಕೇಳಿದಳು. ಇಟಾಲಿಯನ್ನಿನಿಂದ ಫ್ರೆಂಚಿಗೆ, ಅಲ್ಲಿಂದ ಇಂಗ್ಲಿಷಿಗೆ ಎಂದೆ. ಅವಳ ಮುಖ ಅರಳಬೇಕಿತ್ತು, ಅರಳಲಿಲ್ಲ. ಇನ್ನೊಮ್ಮೆ ಹೇಳಿ ಎಂದಳು. ಹೇಳಿದೆ. ಹುಬ್ಬು ಗಂಟಿಕ್ಕಿ ನನ್ನ ಬಾಯನ್ನೇ ನೋಡಿದಳು. ಮತ್ತೊಮ್ಮೆ ಎಂದಳು. ಬಿಡಿಸಿ ಬಿಡಿಸಿ ಹೇಳಿದೆ. ಅಂಗೈಯ ಮೇಲೆ ಬೆರಳಿನಿಂದ ಬರೆದು, ಅಳಿಸಿ, ಮೂರನೆಯ ಸಲ ಕೇಳಿದಳು. ನಾನು ಮತ್ತೆ ಹೇಳಿದೆ. ನನ್ನ ದನಿಯಲ್ಲಿ ಸ್ವಲ್ಪ ಅಸಹನೆಯೂ ಇದ್ದಿರಬೇಕು.

ಆಗ ಅವಳು ಕೈ ಇಳಿಬಿಟ್ಟು, ಮೆಲ್ಲಗೆ, ಒಂದೊಂದೇ ಅಕ್ಷರ ಹೇಳಿದಳು. “ಸಿ, ಎ, ಎಲ್, ವಿ, ಎ, ಆರ್, ವೈ.”

ಗಂಟೆ ಹೊಡೆಯಿತು. ಪಟ್ಟಿಯಲ್ಲಿದ್ದ ಸರಿಯಾದ ಅಕ್ಷರಗಳನ್ನು ನಾನು ಓದಿದೆ. ಸಿ, ಎ, ವಿ, ಎ, ಎಲ್, ಆರ್, ವೈ. ಓದುವಾಗಲೂ ನನಗೆ ಏನೂ ಹೊಳೆಯಲಿಲ್ಲ. ತೀರ್ಪುಗಾರರಿಗೂ ಹೊಳೆಯಲಿಲ್ಲ. ಸಾನಿಯಾ ಮುಂದಿನ ಶಬ್ದವನ್ನು ಸರಿಯಾಗಿ ಒಪ್ಪಿಸಿ ಗೆದ್ದಳು. ಇಷ್ಟು ಸುಲಭದ ಶಬ್ದದಲ್ಲಿ ಇವಳು ಎಡವಿದಳಲ್ಲ ಎಂದು ನನಗೆ ನಿಶ್ಮಿತಾಳ ಮೇಲೆ ಬೇಸರವೇ ಆಯಿತು.

ಎರಡು ದಿನ ಕಳೆದು ಶುಕ್ರವಾರ ಸಂಜೆ ಚರ್ಚಿಗೆ ಹೋದೆವು. ತಪಸ್ಸುಕಾಲ ಶುರುವಾಗಿತ್ತು, ಶಿಲುಬೆಯ ಹಾದಿಯ ಪ್ರಾರ್ಥನೆ. ಅಂದು ಅದು ಇಂಗ್ಲಿಷಿನಲ್ಲಿತ್ತು. ಯೇಸುವನ್ನು ಶಿಲುಬೆಗೇರಿಸಿದ ಬೆಟ್ಟದ ಹೆಸರು ಬಂದಾಗ ಪಾದ್ರಿಗಳು “ಕ್ಯಾಲ್ವರಿ” ಎಂದರು. ಮೊಣಕಾಲೂರಿದ್ದವಳಿಗೆ ಮೈಕಿನಲ್ಲಿ ಕೇಳಿದ ನನ್ನದೇ ದನಿ ಮತ್ತೆ ಕೇಳಿಸಿತು. ಕ್ಯಾಲ್ವರಿ. ಕ್ಯಾಲ್ವರಿ. ಕ್ಯಾಲ್ವರಿ. ಮನೆಯಲ್ಲಿ ಅಮ್ಮನ ಮಡಿಲಲ್ಲಿ ಕೂತು ಕೊಂಕಣಿಯಲ್ಲಿ ‘ಕಲ್ವಾರ್’ ಎನ್ನಲು ಕಲಿತ ನಾಲಿಗೆ, ಕಾಗದದಲ್ಲಿದ್ದ ಕುದುರೆ ಸೈನ್ಯವನ್ನು ಬಿಟ್ಟು ತನಗೆ ಪರಿಚಯದ ಬೆಟ್ಟಕ್ಕೆ ಹೋಗಿತ್ತು. ಬಹುಶಃ ಜೀವಮಾನವಿಡೀ ನಾನು ಎರಡನ್ನೂ ಒಂದೇ ಎಂಬಂತೆ ಹೇಳುತ್ತಾ ಬಂದಿದ್ದೆ. ಆ ಮಗು ನಾನು ಹೇಳಿದ ಶಬ್ದವನ್ನು ಒಂದಕ್ಷರ ತಪ್ಪದೆ ಒಪ್ಪಿಸಿತ್ತು.

ಮನೆಗೆ ಬಂದು ನಿಘಂಟು ತೆಗೆದೆ. ಒಂದರ ಮೂಲ ಕುದುರೆ ಎಂಬ ಅರ್ಥದ ‘ಕವಾಲ್ಲೊ’, ಇನ್ನೊಂದರದು ತಲೆಬುರುಡೆ. ವಿನ್ಸೆಂಟರಿಗೆ ಹೇಳಿದೆ.

“ಈ ತಿಂಗಳಲ್ಲೇ ಅಲ್ವಾ ನಿನ್ನ ಕಾಂಟ್ರಾಕ್ಟ್ ನವೀಕರಣ?”

“ಹೌದು.”

“ಹಾಗಾದರೆ ಸ್ವಲ್ಪ ನೋಡಿಕೊಂಡು ಮಾಡು ಗ್ರೇಸಿ. ಇಂಗ್ಲಿಷ್ ಟೀಚರಿಗೆ ಇಂಗ್ಲಿಷ್ ಬರುವುದಿಲ್ಲ ಅಂತ ನೀನೇ ಬರೆದುಕೊಟ್ಟ ಹಾಗೆ ಆಗ್ತದೆ.”

ನಾನು ನೋಡಿಕೊಂಡೆ. ಒಂದು ವಾರ ನೋಡಿಕೊಂಡೆ, ಇನ್ನೊಂದು ವಾರ ನೋಡಿಕೊಂಡೆ. ಸಾನಿಯಾಳ ಕೈಯಿಂದ ಗೆಲುವನ್ನು ಕಿತ್ತುಕೊಳ್ಳುವುದು ನ್ಯಾಯವೇ ಎಂದು ನನ್ನನ್ನೇ ಕೇಳಿಕೊಂಡೆ. ವಾರ್ಷಿಕ ಪರೀಕ್ಷೆ ಹತ್ತಿರ ಬಂತು, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಕಾಂಟ್ರಾಕ್ಟಿನ ಹೆದರಿಕೆಯೂ ಇತ್ತು. ಆದರೆ ಇವೆಲ್ಲದರ ಅಡಿಯಲ್ಲಿ ಇದ್ದದ್ದು ಬರೀ ನಾಚಿಕೆ. ಪುಸ್ತಕದ ಅಂಚಿನ ಪೆನ್ಸಿಲ್ ಅಕ್ಷರಗಳನ್ನು ಇಡೀ ಶಾಲೆ ನೋಡಿದಂತಾಗುತ್ತದಲ್ಲ ಎಂಬ ನಾಚಿಕೆ. ನಿಶ್ಮಿತಾ ಗ್ರಂಥಾಲಯಕ್ಕೆ ಬರುವುದನ್ನು ನಿಲ್ಲಿಸಿದ್ದಳು. ತರಗತಿಯಲ್ಲಿ ಎರಡನೆಯ ಬೆಂಚಿನಲ್ಲಿ ಕೂತು ಕೊಟ್ಟ ಕೆಲಸ ಮಾಡುತ್ತಿದ್ದಳು. ನಾನು ಅವಳ ಕಡೆ ನೋಡದೆ ಪಾಠ ಮಾಡಲು ಕಲಿತೆ.

ಎರಡನೆಯ ವಾರದ ಕೊನೆಗೆ ಪೋಷಕರ ಭೇಟಿ ಇತ್ತು. ಸುಂದರಣ್ಣ ಮಗಳೊಡನೆ ಬಂದರು. ಅಂಕಪಟ್ಟಿಗೆ ಸಹಿ ಹಾಕಿ ಎದ್ದು ನಿಂತು, “ನೀವು ತುಂಬ ಕಷ್ಟಪಟ್ಟಿರಿ ಟೀಚರ್. ಅವಳೇ ಉಳಿಸಿಕೊಳ್ಳಲಿಲ್ಲ. ಏನು ಮಾಡುವುದು,” ಎಂದರು. ಮಗಳ ಕಡೆ ನೋಡಲಿಲ್ಲ. ಯಾವಾಗಲೂ ತಾವೇ ಹೊರುತ್ತಿದ್ದ ಅವಳ ಚೀಲವನ್ನು ಮುಟ್ಟಲೂ ಇಲ್ಲ. ಗಣಿತದ ಟೀಚರನ್ನು ಕಾಣಲು ಅವರು ಹೊರಟಾಗ ನಾನು ನಿಶ್ಮಿತಾಳನ್ನು ಕಾರಿಡಾರಿನಲ್ಲಿ ನಿಲ್ಲಿಸಿದೆ.

“ಆ ದಿನದ ಶಬ್ದ ನಿನಗೆ ಗೊತ್ತಿತ್ತಾ?”

ಅವಳು ನೆಲ ನೋಡುತ್ತಾ, “ಐ ನ್ಯೂ ಮಿಸ್. ಕವಾಲ್ಲೊ. ಹಾರ್ಸ್,” ಎಂದಳು.

“ಮತ್ತೆ ಯಾಕೆ ಹಾಗೆ ಹೇಳಿದೆ?”

“ಬಟ್ ಯೂ ಸೆಡ್ ಕ್ಯಾಲ್ವರಿ. ಥ್ರೀ ಟೈಮ್ಸ್.” ಸ್ವಲ್ಪ ತಡೆದು, ತಾನೇ ತಪ್ಪು ಮಾಡಿದವಳಂತೆ ಸೇರಿಸಿದಳು. “ಯೂ ಓನ್ಲಿ ಟೋಲ್ಡ್, ಮಿಸ್. ಕೇಳಿದ್ದು ಹೇಳು ಅಂತ.”

“ಅಪ್ಪನಿಗೆ ಹೇಳಿದ್ದೀಯಾ?”

ತಲೆಯಾಡಿಸಿದಳು, ಇಲ್ಲವೆಂದು. “ಪಪ್ಪಾ ಲೈಕ್ಸ್ ಯೂ, ಮಿಸ್.”

ಹನ್ನೊಂದು ವರ್ಷದ ಮಗು ಎರಡು ವಾರದಿಂದ ನನ್ನ ಮರ್ಯಾದೆ ಕಾಪಾಡುತ್ತಿತ್ತು.

ಶನಿವಾರ ಬೆಳಿಗ್ಗೆ ಮೊದಲ ಗಂಟೆಗೇ ಹೆಡ್‌ಮಿಸ್ಟ್ರೆಸ್ ಮೇಡಂ ಮುಂದೆ ನಿಂತು ಎಲ್ಲ ಹೇಳಿದೆ. ಕೇರಳದವರು, ಒಳ್ಳೆಯ ಹೆಂಗಸು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಸಾನಿಯಾಳ ಹೆಸರು ಹೋಗಿ ಆಯಿತು. ಟಿಕೆಟ್ ಆಗಿದೆ. ಆ ಮಗುವಿಗೆ ಈಗ ಏನು ಹೇಳಲಿ? ಖಲಾಸ್, ಗ್ರೇಸಿ. ಇದನ್ನು ಇಲ್ಲಿಗೇ ಬಿಡಿ. ನಿಮ್ಮ ಒಳ್ಳೆಯದಕ್ಕೇ ಹೇಳ್ತಿದ್ದೇನೆ.”

“ಸಾನಿಯಾ ಹೋಗಲಿ ಮೇಡಂ. ಅವಳದೇನೂ ತಪ್ಪಿಲ್ಲ. ನನಗೆ ನಾಳೆ ಅಸೆಂಬ್ಲಿಯಲ್ಲಿ ಎರಡು ನಿಮಿಷ ಕೊಡಿ.”

ಅವರು ಬಹಳ ಹೊತ್ತು ಒಪ್ಪಲಿಲ್ಲ. ಕೊನೆಗೆ ಕನ್ನಡಕ ಹಾಕಿಕೊಂಡು, “ಎರಡೇ ನಿಮಿಷ,” ಎಂದರು.

ಭಾನುವಾರ ಬೆಳಿಗ್ಗೆ ದೂಳುಗಾಳಿ. ಆಕಾಶ ಗೋಧಿಹಿಟ್ಟಿನ ಬಣ್ಣದ್ದಾಗಿತ್ತು. ಅಂಗಳದಲ್ಲಿ ಸಾಲಾಗಿ ನಿಂತ ಮಕ್ಕಳು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡಿದ್ದರು. ನಾನು ಮೈಕಿನ ಮುಂದೆ ನಿಂತು, ಸ್ಪರ್ಧೆಯ ದಿನ ಒಂದು ಶಬ್ದವನ್ನು ತಪ್ಪಾಗಿ ಉಚ್ಚರಿಸಿದ್ದು ನಾನು, ಆರನೆಯ ತರಗತಿಯ ನಿಶ್ಮಿತಾ ನಾನು ಹೇಳಿದ್ದನ್ನು ಸರಿಯಾಗಿಯೇ ಒಪ್ಪಿಸಿದಳು, ಅವಳಲ್ಲಿ ತಪ್ಪಿರಲಿಲ್ಲ, ಅವಳಲ್ಲಿ ಕ್ಷಮೆ ಕೇಳುತ್ತೇನೆ ಎಂದೆ. ಎರಡು ಶಬ್ದಗಳನ್ನೂ ಹೇಳಿ ತೋರಿಸಿದೆ. ಹಿಂದಿನ ಸಾಲಿನಲ್ಲಿ ದೊಡ್ಡ ಮಕ್ಕಳು ನಕ್ಕರು. ಮುಂದೆ ಆ ಶಾಲೆಯಲ್ಲಿ ಇದ್ದಷ್ಟು ವರ್ಷವೂ ನನ್ನ ಬೆನ್ನ ಹಿಂದೆ ಆ ಬೆಟ್ಟದ ಹೆಸರೇ ನನ್ನ ಅಡ್ಡಹೆಸರಾಗಿ ಉಳಿಯಿತು. ಕಾಂಟ್ರಾಕ್ಟ್ ನವೀಕರಣವಾಯಿತು. ಶಬ್ದ ಓದುವ ಕೆಲಸಕ್ಕೆ ಮಾತ್ರ ಮತ್ತೆ ಕರೆಯಲಿಲ್ಲ. ಸಾನಿಯಾ ಮಸ್ಕತ್‌ನಲ್ಲಿ ಎರಡನೆಯ ಸುತ್ತಿಗೇ ಹೊರಬಿದ್ದು ಬಂದಳು.

ಅಸೆಂಬ್ಲಿಯ ಮರುದಿನ ಶಾಲೆ ಬಿಡುವ ಹೊತ್ತಿಗೆ ಸುಂದರಣ್ಣ ಗೇಟಿನ ಬಳಿ ನಿಂತಿದ್ದರು. ಕೆಲಸದ ಅಂಗಿಯಲ್ಲೇ ಬಂದಿದ್ದರು. ನಾನು ಕೈ ಮುಗಿದೆ.

“ತಪ್ಪಾಯಿತು ಸುಂದರಣ್ಣ.”

“ನಾಲಿಗೆ ಹೊರಳುವುದು ಯಾರಿಗಿಲ್ಲ ಟೀಚರ್. ಅದು ದೊಡ್ಡ ಸಂಗತಿ ಅಲ್ಲ.” ಅವರು ರಸ್ತೆಯ ಕಡೆ ನೋಡುತ್ತಾ ಮಾತಾಡಿದರು. “ಲಾಂಡ್ರಿಯಲ್ಲಿ ಒಬ್ಬ ಪಾಕಿಸ್ತಾನಿ ಇದ್ದಾನೆ. ಅದು ಸಣ್ಣ ಶಬ್ದ ಭಾಯಿ, ನನ್ನ ಮಗನಿಗೂ ಬರ್ತದೆ ಅಂದ. ನನಗೆ ತಲೆಗೇರಿತು. ಉದಾಸೀನ ಮಾಡಿದ್ದಾಳೆ ಅಂತ ಲೆಕ್ಕ ಹಾಕಿದೆ. ಆ ಲೇಬಲಿನ ಪುಸ್ತಕ ತೆಗೆದು ಕಪಾಟಿನ ಮೇಲೆ ಹಾಕಿದೆ. ಅವಳ ಹತ್ರ ಮಾತು ಬಿಟ್ಟೆ. ಅವಳು ಎದುರಿಗೆ ಬಂದು ಕೂತುಕೊಳ್ಳುವುದು, ನಾನು ಎದ್ದು ಹೋಗುವುದು.”

ಅವರು ಬೆರಳು ಮಡಚಿ ದಿನ ಎಣಿಸಿದರು.

“ಮೇ ಕೊನೆಗೆ ಹೋಗ್ತಾಳೆ ಟೀಚರ್. ಸ್ಪರ್ಧೆಯ ದಿನ ನನಗೆ ತೊಂಬತ್ತು ದಿವಸ ಉಳಿದಿತ್ತು, ಹೆಚ್ಚಿಲ್ಲ. ಅದರಲ್ಲಿ ಹದಿನೆಂಟು ದಿವಸ ನಾನು ನನ್ನ ಮಗಳ ಹತ್ರ ಮಾತಾಡಲಿಲ್ಲ. ನಿಮಗೆ ಯಾವಾಗ ಗೊತ್ತಾಯಿತು?”

“ಎರಡೇ ದಿನಕ್ಕೆ,” ಎಂದೆ. ಸುಳ್ಳು ಹೇಳುವ ಶಕ್ತಿ ಇರಲಿಲ್ಲ.

ಅವರು ತಲೆಯಾಡಿಸಿದರು. ಬೈಯಲಿಲ್ಲ. “ಬೇಗ ಹೇಳಬಹುದಿತ್ತು,” ಎಂದಷ್ಟೇ ಹೇಳಿ ಮಗಳು ಬರುವ ಬಾಗಿಲಿನ ಕಡೆ ನಡೆದರು. ಅವಳು ಬಂದಾಗ ಚೀಲ ಇಸಿದುಕೊಂಡು ಹೆಗಲಿಗೆ ಹಾಕಿಕೊಂಡದ್ದನ್ನು ದೂರದಿಂದ ನೋಡಿದೆ. ಎಷ್ಟೋ ಪಾಪಗಳನ್ನು ಪಾದ್ರಿಗಳ ಮುಂದೆ ಹೇಳಿ ಹಗುರಾಗಿದ್ದೇನೆ. ಆ ಹದಿನಾರು ದಿನಗಳದ್ದು ಮಾತ್ರ ಹಗುರಾಗಲಿಲ್ಲ.

ಅವರು ಮತ್ತೆ ನನ್ನ ಮುಖ ನೋಡಲಾರರು ಎಂದುಕೊಂಡಿದ್ದೆ. ಆದರೆ ಏಪ್ರಿಲ್ ಮೊದಲ ವಾರ ಅವರ ಫೋನ್ ಬಂತು.

“ಟೀಚರ್, ಊರಲ್ಲಿ ಅವಳನ್ನು ಸೇರಿಸುವ ಶಾಲೆಯಲ್ಲಿ ಕನ್ನಡ ಬೇಕೇ ಬೇಕಂತೆ. ಇವಳಿಗೆ ಇಲ್ಲಿ ಹಿಂದಿ ಮಾತ್ರ. ‘ಅ’ ಅಂದ್ರೆ ಗೊತ್ತಿಲ್ಲ. ಜಯಂತಿಗೂ ನನಗೂ ಹೇಳಿಕೊಡಲಿಕ್ಕೆ ಬರುವುದಿಲ್ಲ. ನಿಮಗೆ ಬಿಡುವುಂಟಾ?”

ಅಂದಿನಿಂದ ಪ್ರತಿ ಗುರುವಾರ ಬಸ್ಸು ಹಿಡಿದು ಮಹಬೂಲಾದ ಅವರ ಮನೆಗೆ ಹೋದೆ. ಸಮುದ್ರದ ಹತ್ತಿರ ಎತ್ತರದ ಕಟ್ಟಡಗಳು, ಬಾಲ್ಕನಿಗಳ ತುಂಬ ನೀಲಿ ಸಮವಸ್ತ್ರಗಳು ಒಣಗುತ್ತಿರುತ್ತಿದ್ದವು, ಕೆಳಗೆ ಕಂಪೆನಿಯ ಬಸ್ಸುಗಳು ಕೆಲಸಗಾರರನ್ನು ಇಳಿಸುತ್ತಿದ್ದವು. ಆರನೆಯ ಮಹಡಿಯಲ್ಲಿ ಅವರದು ಒಂದು ಕೋಣೆ, ಒಂದು ಅಡುಗೆಮನೆ. ಜಯಂತಿ ನೀರುದೋಸೆ ಮಾಡಿಡುತ್ತಿದ್ದರು. ನೆಲದ ಮೇಲೆ ಚಾಪೆ ಹಾಸಿ ನಾವು ಕೂರುತ್ತಿದ್ದೆವು.

ನಿಶ್ಮಿತಾ ಮೂರು ವಾರದಲ್ಲಿ ಅಕ್ಷರಮಾಲೆ ಮುಗಿಸಿದಳು. “ಮಿಸ್, ಸೋ ದೇರ್ ಈಸ್ ನೋ ಸ್ಪೆಲ್ಲಿಂಗ್?” ಎಂದು ಆಶ್ಚರ್ಯಪಟ್ಟಳು. ಹೆಚ್ಚುಕಡಿಮೆ ಹೇಳಿದ ಹಾಗೇ ಬರೆಯುವುದು, ಬರೆದ ಹಾಗೇ ಓದುವುದು ಎಂದೆ. ಹಾಗಾದರೆ ಇದರಲ್ಲಿ ಯಾರೂ ಸೋಲುವುದಿಲ್ಲವಾ ಎಂದು ಕೇಳಿದಳು. ಒತ್ತಕ್ಷರ ಬರಲಿ, ಆಮೇಲೆ ನೋಡೋಣ ಎಂದೆ. ಒತ್ತಕ್ಷರ ಅವಳನ್ನು ನಿಜಕ್ಕೂ ಕಾಡಿತು. ಸುಂದರಣ್ಣ ಕೆಲಸ ಮುಗಿಸಿ ಬಂದು ಕೈಕಾಲು ತೊಳೆದು ಅವಳ ಪಕ್ಕದಲ್ಲೇ ಕೂರುತ್ತಿದ್ದರು. ಮೂವತ್ತು ವರ್ಷದಿಂದ ಬರೆಯದ ಕೈಯಲ್ಲಿ ಮಗಳಿಗೆ ‘ಳ’ ತಿದ್ದಿ ತೋರಿಸುತ್ತಿದ್ದರು. ಕಪಾಟಿನ ಮೇಲಿಂದ ಲೇಬಲ್ಲಿನ ನೋಟ್‌ಬುಕ್ ಕೆಳಗಿಳಿದಿತ್ತು. ಕಾಟನ್‌ನ ಕೆಳಗೆ ಅವಳು ‘ಹತ್ತಿ’ ಎಂದು ಬರೆದದ್ದನ್ನು ಅವರು ಗಟ್ಟಿಯಾಗಿ ಓದಿದರು. ಅಷ್ಟು ದಿನವೂ ಮಗಳು ಓದಿ ಹೇಳಿದ್ದನ್ನೇ ಕೇಳುತ್ತಿದ್ದ ಮನುಷ್ಯ ಆ ಪುಸ್ತಕದಲ್ಲಿ ಮೊದಲ ಬಾರಿ ತಾವೇ ಓದಿದ ಶಬ್ದ ಅದು. ನಾನು ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ.

ಮೇ ಕೊನೆಯ ವಾರ ಅವರು ಹೊರಟರು. ವಿಮಾನ ನಿಲ್ದಾಣಕ್ಕೆ ನಾನೂ ಹೋಗಿದ್ದೆ. ಜಯಂತಿ ಅತ್ತರು. ನಿಶ್ಮಿತಾ ಅಳಲಿಲ್ಲ. ಅಪ್ಪನ ಕೈಬೆರಳುಗಳನ್ನು ಹಿಡಿದು, ಪಾಸ್‌ಪೋರ್ಟ್ ತೋರಿಸುವ ಗೆರೆಯವರೆಗೆ ಹೋಗಿ, ಅಲ್ಲಿ ಬಿಟ್ಟಳು. ಅವರು ಒಳಗೆ ಮರೆಯಾದ ಮೇಲೂ ಸುಂದರಣ್ಣ ಅಲ್ಲಿಂದ ಕದಲಲಿಲ್ಲ. ಮರುವಾರ ಕೋಣೆ ಖಾಲಿ ಮಾಡಿ, ಅದೇ ಮಹಬೂಲಾದಲ್ಲಿ ಎಂಟು ಮಂದಿ ಇರುವ ಕೋಣೆಯೊಂದರಲ್ಲಿ ಒಂದು ಮಂಚಕ್ಕೆ ಸೇರಿಕೊಂಡರು.

ಬೇಸಿಗೆ ರಜೆಗೆ ನಾವು ಊರಿಗೆ ಹೋಗಿ ಸೆಪ್ಟೆಂಬರಿನಲ್ಲಿ ಮರಳಿದೆವು. ಬಿಸಿಲು ಇನ್ನೂ ತಗ್ಗಿರಲಿಲ್ಲ. ಒಂದು ಶುಕ್ರವಾರ ಮಧ್ಯಾಹ್ನ ಸುಂದರಣ್ಣ ರಿಗ್ಗೈಯ ನಮ್ಮ ಮನೆಗೆ ಬಂದರು. ವಿನ್ಸೆಂಟ್ ಕೊಟ್ಟ ನೀರು ಕುಡಿದು, ಅಂಗಿಯ ಜೇಬಿನಿಂದ ಮಡಿಸಿದ ಕಾಗದ ತೆಗೆದರು.

“ನಿಶ್ಮಿದು. ಊರಿಂದ ಬಂದವರ ಕೈಯಲ್ಲಿ ಕೊಟ್ಟು ಕಳಿಸಿದ್ದಾಳೆ. ಫೋನಿನಲ್ಲಿ ಹೂಂ, ಓಕೆ, ಅಷ್ಟೇ ಅವಳದು. ಇದರಲ್ಲಿ ಎರಡು ಪುಟ ಉಂಟು. ನೀವು ನೋಡಬೇಕು ಅಂತ ತಂದೆ.”

ಬಿಡಿಸಿ ನೋಡಿದೆ. ಅಕ್ಷರಗಳು ದೊಡ್ಡವು, ಗೆರೆ ಬಿಟ್ಟು ಇಳಿದಿದ್ದವು, ಒತ್ತಕ್ಷರಗಳು ಅಲ್ಲಲ್ಲಿ ತಮ್ಮ ಜಾಗ ತಪ್ಪಿದ್ದವು. ಮೊದಲ ಸಾಲು ಓದಿ ತಲೆಯೆತ್ತಿದೆ. ನಾನು ಕಲಿಸಿದ್ದು ಕನ್ನಡ. ಅವಳು ಆ ಅಕ್ಷರಗಳಲ್ಲಿ ಬರೆದದ್ದು ತುಳು. ಮನೆಯಲ್ಲಿ ಅಪ್ಪನೊಡನೆ ಆಡುತ್ತಿದ್ದ ಮಾತು. ಹೊಸ ಶಾಲೆಯಲ್ಲಿ ಹುಡುಗಿಯರು ತನ್ನ ಕನ್ನಡಕ್ಕೆ ನಗುತ್ತಾರೆ, ಅಜ್ಜಿಮನೆಯ ಬಾವಿಯಲ್ಲಿ ಆಮೆ ಇದೆ, ಅಮ್ಮನಿಗೆ ಕಾಲುನೋವು ಎಂದೆಲ್ಲ ಬರೆದು ಕೊನೆಯಲ್ಲಿ ‘ಪಪ್ಪಾ, ಈರ್ ಏಪ ಬರ್ಪರ್?’ ಎಂದು ಕೇಳಿದ್ದಳು. ಪಪ್ಪಾ, ನೀವು ಯಾವಾಗ ಬರುತ್ತೀರಿ.

ಕಾಗದ ಮರಳಿಸಿದೆ. ಅವರು ಅದನ್ನು ನನ್ನ ಮುಂದೆ ಇನ್ನೊಮ್ಮೆ ಮೊದಲಿಂದ ಓದಿದರು. ತುಟಿ ಅಲುಗುತ್ತಿತ್ತು.

“ತಪ್ಪು ಉಂಟಾ ಟೀಚರ್?”

“ಉಂಟು ಸುಂದರಣ್ಣ. ಎಂಟೋ ಹತ್ತೋ ಉಂಟು. ತಿದ್ದಿ ಕಳಿಸುವುದಾದರೆ ಕಳಿಸಬಹುದು.”

ಅವರು ಕಾಗದವನ್ನು ಇಸ್ತ್ರಿ ಮಾಡಿದ ಬಟ್ಟೆಯಂತೆ ಅದರ ಮಡಿಕೆಗಳಲ್ಲೇ ಮಡಚಿದರು.

“ಬೇಡ,” ಎಂದರು. “ಅವಳು ಎದುರಿಗೆ ಕೂತು ಮಾತಾಡಿದ ಹಾಗೇ ಉಂಟು.”

ಜೇಬಿಗೆ ಹಾಕಿಕೊಂಡು, ಸಂಜೆಯ ಪಾಳಿಗೆ ಹೊತ್ತಾಯಿತೆಂದು ಎದ್ದರು.